ಸ್ಕೂಟರು ಪೂರ್ತಿಯಾಗುತ್ತಿದ್ದುದು ಬೀದಿಯಲ್ಲಿ

ನಲವತ್ತು ದಾಟಿದವರಿಗೆ ಈ ದೃಶ್ಯವನ್ನು ವಿವರಿಸಬೇಕಾಗಿಲ್ಲ. ಬೆಳಗಿನ ಹೊತ್ತು, ಮನೆಯ ಮುಂದೆ ಸ್ಕೂಟರು. ಆಫೀಸಿಗೆ ಹೊರಟ ಅಪ್ಪ ಒಂದು, ಎರಡು, ಹತ್ತು ಸಲ ಕಿಕ್ ಹೊಡೆದರೂ ಅದು ಗುರ್ ಎಂದು ಸುಮ್ಮನಾಗುತ್ತದೆ. ಆಗ ಅವರು ಸ್ಟ್ಯಾಂಡ್ ತೆಗೆದು ಇಡೀ ಸ್ಕೂಟರನ್ನು ಒಂದು ಬದಿಗೆ ವಾಲಿಸುತ್ತಾರೆ. ಮನಸ್ಸಿನಲ್ಲೇ ನಾಲ್ಕೈದು ಎಣಿಸಿ ನೆಟ್ಟಗೆ ನಿಲ್ಲಿಸಿ, ಮತ್ತೊಂದು ಕಿಕ್. ಈ ಸಲ ಹಿಂದಿನಿಂದ ನೀಲಿ ಹೊಗೆ ಎದ್ದು ಬೀದಿಯೆಲ್ಲ ಆಯಿಲ್ ವಾಸನೆ ಹರಡುತ್ತದೆ. ಅಪ್ಪನ ಮುಖದಲ್ಲಿ ಗೆದ್ದ ಕಳೆ.

ಈ ವಿದ್ಯೆಯನ್ನು ಅವರಿಗೆ ಕಲಿಸಿದ್ದು ಶೋರೂಮಿನವರಲ್ಲ. ಪಕ್ಕದ ಮನೆಯವರು ಮಾಡಿದ್ದನ್ನು ಇವರು ನೋಡಿದರು, ಇವರದನ್ನು ಎದುರು ಮನೆಯವರು ನೋಡಿದರು. ಆದರೂ ಅದು ಬರೀ ಮೂಢನಂಬಿಕೆಯಾಗಿರಲಿಲ್ಲ. ಆ ಸ್ಕೂಟರಿನಲ್ಲಿ ಪೆಟ್ರೋಲ್ ಟ್ಯಾಂಕು ಸೀಟಿನ ಕೆಳಗೆ, ಕಾರ್ಬ್ಯುರೇಟರ್ ಅದಕ್ಕಿಂತ ಕೆಳಗೆ. ಪಂಪು ಗಿಂಪು ಏನೂ ಇಲ್ಲ, ಪೆಟ್ರೋಲು ತನ್ನ ಭಾರಕ್ಕೆ ತಾನೇ ಇಳಿಯಬೇಕು. ವಾಲಿಸಿದಾಗ ಟ್ಯಾಂಕಿನ ಮೂಲೆಯಲ್ಲಿ ಉಳಿದದ್ದು ಕೊಳವೆಯ ಕಡೆ ಸರಿಯುತ್ತದೆ. ಕಾರ್ಬ್ಯುರೇಟರಿನಲ್ಲಿ ತೇಲುವ ಫ್ಲೋಟ್ ಅಲುಗಿ ಒಂದಿಷ್ಟು ಪೆಟ್ರೋಲು ಹೆಚ್ಚಿಗೆ ನುಗ್ಗುತ್ತದೆ. ತಣ್ಣಗಿದ್ದ ಎಂಜಿನ್ನಿಗೆ ಬೇಕಾಗಿದ್ದುದು ಅದೇ. ಕಾರಣ ಗೊತ್ತಿಲ್ಲದೆಯೂ ಕೆಲಸ ಗೊತ್ತಿತ್ತು.

ಸ್ಕೂಟರಿನ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಕಂಪನಿಗಳ ಚರಿತ್ರೆಯಾಗಿ ಹೇಳುತ್ತೇವೆ. ಯಾರು ತಯಾರಿಸಿದರು, ಎಷ್ಟು ಮಾರಿದರು, ಯಾವ ಜಾಹೀರಾತು ಮಾಡಿದರು ಎಂದು. ಆದರೆ ಕಾರ್ಖಾನೆಯಿಂದ ಹೊರಬಿದ್ದ ಸ್ಕೂಟರು ಆಮೇಲೆ ಇಪ್ಪತ್ತು, ಇಪ್ಪತ್ತೈದು ವರ್ಷ ಬದುಕುತ್ತಿತ್ತಲ್ಲ, ಅದನ್ನು ಬದುಕಿಸಿದವರು ಯಾರು? ಆ ಚರಿತ್ರೆ ನಡೆದದ್ದು ಗ್ಯಾರೇಜುಗಳಲ್ಲಿ, ಸೀಟು ಹೊಲಿಯುವ ಅಂಗಡಿಗಳಲ್ಲಿ, ಗುಜರಿ ಬಜಾರುಗಳಲ್ಲಿ.

ಈ ಕಥೆಯ ಮೊದಲ ಅಧ್ಯಾಯ ಇಟಲಿಯದು. ಎರಡನೇ ಮಹಾಯುದ್ಧದಲ್ಲಿ ಪೊಂಟೆಡೆರಾ ಊರಿನ ಪಿಯಾಜಿಯೊ ವಿಮಾನ ಕಾರ್ಖಾನೆ ಬಾಂಬಿಗೆ ನೆಲಸಮವಾಗಿತ್ತು. ಇನ್ನು ವಿಮಾನ ಮಾಡುವ ಹಾಗಿಲ್ಲ. ಜನಕ್ಕೆ ಬೇಕಾಗಿದ್ದುದು ಹಾಳಾದ ರಸ್ತೆಗಳಲ್ಲಿ ಓಡುವ, ಬಡವನ ಕೈಗೆ ಎಟಕುವ ವಾಹನ. ಎನ್ರಿಕೊ ಪಿಯಾಜಿಯೊ ಈ ಕೆಲಸವನ್ನು ಕೊರಾಡಿನೊ ದಸ್ಕಾನಿಯೊ ಎಂಬ ಎಂಜಿನಿಯರನಿಗೆ ಒಪ್ಪಿಸಿದ. ಆತ ಹೆಲಿಕಾಪ್ಟರ್ ವಿನ್ಯಾಸಕ್ಕೆ ಹೆಸರಾದವನು, ಮೋಟಾರ್ ಸೈಕಲ್ ಕಂಡರೆ ಆಗದವನು. ಅದರ ಮೇಲೆ ಕಾಲು ಎತ್ತಿ ಹತ್ತಬೇಕು, ಚೈನಿನ ಗ್ರೀಸು ಬಟ್ಟೆಗೆ ಮೆತ್ತುತ್ತದೆ, ಪಂಕ್ಚರ್ ಆದರೆ ಚಕ್ರ ಬಿಚ್ಚುವುದೇ ದೊಡ್ಡ ರಗಳೆ. ಈ ಮೂರು ತಕರಾರುಗಳಿಗೆ ಉತ್ತರವಾಗಿ 1946ರಲ್ಲಿ ವೆಸ್ಪಾ ಹುಟ್ಟಿತು. ಆ ಹೆಸರಿಗೆ ಇಟಾಲಿಯನ್ನಿನಲ್ಲಿ ಕಣಜದ ಹುಳು ಎಂದರ್ಥ.

ಮೋಟಾರ್ ಸೈಕಲ್ಲಿನ ಬಗ್ಗೆ ಅವನಿಗಿದ್ದ ಆ ಅಸಹನೆಯೇ ಮುಂದೆ ನಮ್ಮ ಬೀದಿಯ ಮೆಕ್ಯಾನಿಕ್‌ಗೆ ವರವಾಯಿತು. ಎಂಜಿನ್ನು ಬಲಗಡೆಯ ಮುಚ್ಚಳದೊಳಗೆ. ಮುಚ್ಚಳ ತೆಗೆದರೆ ಪ್ಲಗ್ಗು, ಕಾರ್ಬ್ಯುರೇಟರ್ ಎಲ್ಲ ಕೈಗೆ ಸಿಗುವಂತೆ ಇವೆ. ಚಕ್ರವನ್ನು ವಿಮಾನದ ಚಕ್ರದಂತೆ ಒಂದೇ ಕಡೆಯಿಂದ ಹಿಡಿದಿದ್ದಾರೆ, ನಾಲ್ಕೈದು ನಟ್ಟು ಬಿಚ್ಚಿದರೆ ಅದು ಹೊರಗೆ ಬರುತ್ತದೆ. ಮುಂದಿನ ಚಕ್ರವೂ ಹಿಂದಿನ ಚಕ್ರವೂ ಒಂದೇ ಅಳತೆ, ಆದ್ದರಿಂದ ಒಂದು ಸ್ಟೆಪ್ನಿ ಎರಡಕ್ಕೂ ಆಗುತ್ತದೆ. ರಿಮ್ಮು ಎರಡು ಹೋಳಾಗಿ ಬಿಚ್ಚಿಕೊಳ್ಳುವುದರಿಂದ ಟ್ಯೂಬು ತೆಗೆಯಲು ಟೈರಿನೊಂದಿಗೆ ಗುದ್ದಾಡಬೇಕಿಲ್ಲ. ಪಾನಾ, ಸ್ಕ್ರೂಡ್ರೈವರ್, ಪ್ಲಗ್ ಬಿಚ್ಚುವ ಕೊಳವೆ ಇಷ್ಟಿದ್ದರೆ ಸಂಸಾರ ಸಾಗುತ್ತಿತ್ತು.

ಸ್ಟೆಪ್ನಿ ಎಂಬ ಮಾತಿಗೂ ಒಂದು ಕಥೆಯಿದೆ. ವೇಲ್ಸ್ ದೇಶದ ಲಾನೆಲ್ಲಿ ಊರಿನಲ್ಲಿ ಸ್ಟೆಪ್ನಿ ಎಂಬ ಬೀದಿ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅಲ್ಲಿ ಡೇವಿಸ್ ಸಹೋದರರು ಮೋಟಾರು ಕಾರುಗಳಿಗೆ ಹೆಚ್ಚುವರಿ ಚಕ್ರ ಮಾಡಿ ಮಾರಿದರು. ಆ ಬೀದಿಯ ಹೆಸರು ಇವತ್ತಿಗೂ ಚಿತ್ರದುರ್ಗದ, ಬಾಗಲಕೋಟೆಯ ಪಂಕ್ಚರ್ ಅಂಗಡಿಯವರ ಬಾಯಲ್ಲಿದೆ.

ಸ್ವಾತಂತ್ರ್ಯದ ಹೊಸತರಲ್ಲಿ, 1948ರಲ್ಲಿ, ಬಜಾಜ್ ಮನೆತನದ ಕಂಪನಿ ವೆಸ್ಪಾಗಳನ್ನು ಹೊರದೇಶದಿಂದ ತರಿಸಿ ಮಾರತೊಡಗಿತು. ಮುಂಬಯಿಯ ಆಟೋಮೊಬೈಲ್ ಪ್ರಾಡಕ್ಟ್ಸ್ ಆಫ್ ಇಂಡಿಯಾ ಇಟಲಿಯ ಇನ್ನೊಂದು ಸ್ಕೂಟರಾದ ಲ್ಯಾಂಬ್ರೆಟಾವನ್ನು 1950ರ ದಶಕದಲ್ಲಿ ಜೋಡಿಸತೊಡಗಿತು. 1960ರ ಹೊತ್ತಿಗೆ ಬಜಾಜ್ ಆಟೋಗೆ ಪಿಯಾಜಿಯೊ ಪರವಾನಗಿಯ ಮೇಲೆ ಪುಣೆಯ ಹತ್ತಿರದ ಆಕುರ್ಡಿಯಲ್ಲಿ ವೆಸ್ಪಾ ತಯಾರಿಸುವ ಅವಕಾಶ ಸಿಕ್ಕಿತು. ಆ ಒಪ್ಪಂದ 1971ರಲ್ಲಿ ಮುಗಿಯಿತು, ನವೀಕರಣವಾಗಲಿಲ್ಲ. ಮರುವರ್ಷ ಅದೇ ಮೈಕಟ್ಟಿನ ಸ್ಕೂಟರು ರಾಣಾ ಪ್ರತಾಪನ ಕುದುರೆಯ ಹೆಸರು ಹೊತ್ತು ಬಂತು: ಚೇತಕ್. ಅದೇ ಸುಮಾರಿಗೆ ಲ್ಯಾಂಬ್ರೆಟಾದ ಯಂತ್ರೋಪಕರಣಗಳನ್ನು ಭಾರತ ಸರ್ಕಾರವೇ ಕೊಂಡು ಲಖನೌದಲ್ಲಿ ಸ್ಕೂಟರ್ಸ್ ಇಂಡಿಯಾ ಸ್ಥಾಪಿಸಿತು. ನಮ್ಮ ರಸ್ತೆಗಳ ವಿಜಯ್ ಸೂಪರ್ ಬಂದದ್ದು ಅಲ್ಲಿಂದ.

ಆದರೆ ಬೇಕೆಂದವರಿಗೆ ಬೇಕೆಂದಾಗ ಸಿಗುವ ಕಾಲ ಅದಲ್ಲ. 1951ರ ಕೈಗಾರಿಕಾ ಕಾಯ್ದೆಯ ಪ್ರಕಾರ ಒಂದು ಕಂಪನಿ ವರ್ಷಕ್ಕೆ ಎಷ್ಟು ಸ್ಕೂಟರ್ ಮಾಡಬೇಕೆಂಬುದನ್ನೂ ಸರ್ಕಾರವೇ ತೀರ್ಮಾನಿಸುತ್ತಿತ್ತು. ಹಂಚಿಕೆಗೂ ನಿಯಂತ್ರಣ, ಬೆಲೆಗೂ ನಿಯಂತ್ರಣ. ಮುಂಗಡ ಕಟ್ಟಿ ಹೆಸರು ಬರೆಸಿದವರು ಹತ್ತು ವರ್ಷದವರೆಗೂ ಕಾದದ್ದುಂಟು. ಮಗ ಹುಟ್ಟಿದಾಗ ಬುಕ್ ಮಾಡಿದರೆ ಅವನು ಶಾಲೆಗೆ ಹೋಗುವ ಹೊತ್ತಿಗೆ ಸ್ಕೂಟರು ಬರುತ್ತದೆ ಎಂಬ ತಮಾಷೆಯಲ್ಲಿ ತಮಾಷೆ ಕಡಿಮೆಯೇ ಇತ್ತು. ವಿದೇಶಿ ಹಣದಲ್ಲಿ ಬೆಲೆ ಕಟ್ಟಬಲ್ಲ ನೆಂಟರಿದ್ದವರಿಗೆ ಸರದಿ ಬೇಗ ಬರುತ್ತಿತ್ತು. ಉಳಿದವರಿಗೆ ಕಾಳಸಂತೆ. ಹಳೆಯ ಸ್ಕೂಟರು ಹೊಸದಕ್ಕಿಂತ ಹೆಚ್ಚಿನ ಬೆಲೆಗೆ ಮಾರಾಟವಾಗುತ್ತಿದ್ದ ವಿಚಿತ್ರ ವ್ಯಾಪಾರ ಅದು. ಎಷ್ಟೋ ಮನೆಗಳಿಗೆ ಸ್ಕೂಟರು ಬಂದದ್ದು ಪ್ರಾವಿಡೆಂಟ್ ಫಂಡಿನ ಸಾಲದಿಂದ. ಇನ್ನೆಷ್ಟೋ ಮನೆಗಳಿಗೆ ಬಂದದ್ದು ಹೆಣ್ಣಿನ ಅಪ್ಪನ ಸಾಲದಿಂದ. ವರದಕ್ಷಿಣೆ ನಿಷೇಧ ಕಾಯ್ದೆ 1961ರಲ್ಲೇ ಬಂದಿತ್ತು, ಆದರೂ ಮದುವೆ ಮಾತುಕತೆಯಲ್ಲಿ 'ಹುಡುಗನಿಗೊಂದು ಸ್ಕೂಟರ್' ಎಂಬ ಮಾತು ನಿಲ್ಲಲಿಲ್ಲ.

ಹೀಗೆ ಕಾದು, ಸಾಲ ಮಾಡಿ, ಅವಮಾನ ನುಂಗಿ ತಂದ ವಸ್ತುವನ್ನು ಯಾರು ಬಿಸಾಡುತ್ತಾರೆ? ನಮ್ಮ ಜನ ರಿಪೇರಿ ಮಾಡಿ ಬಳಸುತ್ತಿದ್ದರು, ಈಗಿನವರು ಎಸೆಯುತ್ತಾರೆ ಎಂದು ಹಿರಿಯರು ಹೇಳುವಾಗ ಅದನ್ನು ಒಂದು ಗುಣವೆಂಬಂತೆ ಹೇಳುತ್ತಾರೆ. ಗುಣವೂ ಇರಬಹುದು. ಆದರೆ ಅದರ ಬೇರು ಅಭಾವದಲ್ಲಿತ್ತು. ಹೊಸದು ಸಿಗದಿದ್ದುದರಿಂದ ಹಳೆಯದನ್ನು ಸಾಯಲು ಬಿಡುವ ಹಾಗಿರಲಿಲ್ಲ.

ಇನ್ನು ಆ ಸ್ಕೂಟರು ಇಲ್ಲಿಯ ಸಂಸಾರಕ್ಕೆ ತಕ್ಕಂತೆಯೂ ಇರಲಿಲ್ಲ. ದಸ್ಕಾನಿಯೊನ ಮನಸ್ಸಿನಲ್ಲಿದ್ದುದು ಒಬ್ಬರು, ಹೆಚ್ಚೆಂದರೆ ಇಬ್ಬರು. ನಮ್ಮಲ್ಲಿ ಹತ್ತುತ್ತಿದ್ದುದು ನಾಲ್ವರು. ಮುಂದೆ ಹ್ಯಾಂಡಲ್ ಹಿಡಿದು ನಿಂತ ದೊಡ್ಡ ಮಗು, ಅಪ್ಪ, ಹಿಂದೆ ಒಂದೇ ಕಡೆ ಕಾಲಿಟ್ಟು ಕುಳಿತ ಅಮ್ಮ, ಅವಳ ಮಡಿಲಲ್ಲಿ ಕೂಸು. ಇದರ ಜೊತೆಗೆ ತರಕಾರಿ ಚೀಲ, ತಿಂಗಳಿಗೊಮ್ಮೆ ಗ್ಯಾಸ್ ಸಿಲಿಂಡರು, ಗೌರಿಹಬ್ಬಕ್ಕೆ ಬಾಳೆಕಂಬ. ಆದ್ದರಿಂದ ಶೋರೂಮಿನಿಂದ ಹೊರಟ ಸ್ಕೂಟರು ದೇವಸ್ಥಾನದ ಮುಂದೆ ನಿಂಬೆಹಣ್ಣು ತುಳಿದ ಮೇಲೆ ನೇರ ಹೋಗುತ್ತಿದ್ದುದು ಆಕ್ಸೆಸರೀಸ್ ಅಂಗಡಿಗೆ. ರೆಕ್ಸಿನ್ ಸೀಟ್ ಕವರು, ಕಾಲಡಿಗೆ ರಬ್ಬರ್ ಮ್ಯಾಟು, ಮುಂದೆ ಹೊಳೆಯುವ ಗಾರ್ಡು, ಚೀಲ ತೂಗುಹಾಕಲು ಕೊಂಡಿ, ಮಗುವಿಗೆ ಪುಟ್ಟ ಸೀಟು, ಹಿಂದಿನ ಸ್ಟೆಪ್ನಿಗೆ ಕವರು, ಅದರ ಮೇಲೆ ಮಗಳ ಹೆಸರೋ ಮನೆದೇವರ ಹೆಸರೋ. ಸಂಸಾರ ಇನ್ನೂ ದೊಡ್ಡದಿದ್ದವರು ಎಡಗಡೆಗೆ ಸೈಡ್‌ಕಾರ್ ಕೂರಿಸಿಕೊಂಡರು.

ಇವುಗಳನ್ನೆಲ್ಲ ಅಲಂಕಾರವೆಂದು ತಳ್ಳಿಹಾಕುವ ಹಾಗಿಲ್ಲ. ಪ್ರತಿಯೊಂದರ ಹಿಂದೆಯೂ ಒಂದು ಕೊರತೆಯಿತ್ತು. ಸೀರೆಯುಟ್ಟು ಒಂದು ಕಡೆ ತಿರುಗಿ ಕೂರುವವಳಿಗೆ ಕಾಲಿಡಲು ಎಡಗಡೆ ಒಂದು ಪಟ್ಟಿ ಬೇಕಿತ್ತು, ಹಿಡಿಯಲು ಏನಾದರೊಂದು ಬೇಕಿತ್ತು. ಗ್ರೀಸಿನಿಂದ ಪ್ಯಾಂಟನ್ನು ಕಾಪಾಡಲೆಂದು ಇಟಲಿಯವನು ಮಾಡಿದ ತಗಡಿನ ಮೈ ಇಲ್ಲಿ ಸೆರಗನ್ನು ಚಕ್ರದಿಂದ ಕಾಪಾಡಿತು. ಸಂಸಾರಸ್ಥರು ಬೈಕಿಗಿಂತ ಸ್ಕೂಟರನ್ನು ಮೆಚ್ಚಲು ಇದೂ ಒಂದು ಕಾರಣ. ಬೈಕುಗಳಿಗೆ ಸೀರೆ ಗಾರ್ಡ್ ಬೇಕಾಯಿತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 123ನೆಯದು ದ್ವಿಚಕ್ರ ವಾಹನದಲ್ಲಿ ಹಿಂದೆ ಕೂರುವವರಿಗೆ ಹಿಡಿ, ಕಾಲಿಡುವ ಜಾಗ ಮತ್ತು ಹಿಂದಿನ ಚಕ್ರದ ಅರ್ಧವನ್ನಾದರೂ ಮುಚ್ಚುವ ರಕ್ಷಣೆ ಇರಬೇಕೆಂದು ಹೇಳಿತು. ಎಷ್ಟು ಸೆರಗುಗಳು ಚಕ್ರಕ್ಕೆ ಸಿಕ್ಕಿದ ಮೇಲೆ ಈ ಸಾಲು ಬರೆಯಲ್ಪಟ್ಟಿತೋ! ಹಿಂದೆ ಕೂತವಳು ಮುಂದೆ ಬರಲು ಮಾತ್ರ ಕಾಲ ಹಿಡಿಯಿತು. ಒಂದು ಕಾರಣ ಯಂತ್ರದ್ದೇ. ಕಿಕ್ ಹೊಡೆಯಬೇಕು, ಎಡಗೈ ತಿರುಗಿಸಿ ಗೇರು ಹಾಕಬೇಕು, ಬಲಕ್ಕೆ ಎಳೆಯುವ ಭಾರ ತಾಳಬೇಕು. 80ರ ದಶಕದ ನಡುವಿಗೆ ಗುಂಡಿ ಒತ್ತಿದರೆ ಶುರುವಾಗುವ, ಗೇರಿಲ್ಲದ ಕೈನೆಟಿಕ್ ಹೋಂಡಾ ಬಂದ ಮೇಲೆ ಆ ನೆಪ ಉಳಿಯಲಿಲ್ಲ.

ಈಗ ಗ್ಯಾರೇಜಿಗೆ ಬರೋಣ. ಅದಕ್ಕೆ ಬೋರ್ಡು ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಬೇವಿನ ಮರದ ಕೆಳಗೆ ಒಂದು ಮರದ ಪೆಟ್ಟಿಗೆ, ಹಳೆಯ ಟೈರು, ಸೀಮೆಎಣ್ಣೆ ತುಂಬಿದ ತಗಡಿನ ತಟ್ಟೆ. ಆ ತಟ್ಟೆಯಲ್ಲಿ ತೊಳೆದ ನಟ್ಟುಗಳು ಯಾವ ಸ್ಕೂಟರಿನವು ಎಂಬುದು ಉಸ್ತಾದರಿಗೆ ಮಾತ್ರ ಗೊತ್ತು. ಎರಡು ಸ್ಟ್ರೋಕಿನ ಎಂಜಿನ್ನಿಗೆ ಪೆಟ್ರೋಲಿನಲ್ಲೇ ಆಯಿಲ್ ಬೆರೆಸಬೇಕು. ಆ ಆಯಿಲ್ ಪೂರ್ತಿ ಉರಿಯದೆ ಪ್ಲಗ್ಗಿನ ತುದಿಗೆ, ಪಿಸ್ಟನ್ನಿನ ತಲೆಗೆ, ಸೈಲೆನ್ಸರಿನ ಒಳಗೋಡೆಗೆ ಮಸಿಯಾಗಿ ಅಂಟುತ್ತದೆ. ಹಾಗಾಗಿ ಆಗಾಗ ಪ್ಲಗ್ ಬಿಚ್ಚಿ ಉಜ್ಜುಕಾಗದದಲ್ಲಿ ತಿಕ್ಕುವುದು ಮನೆಯವರದೇ ಕೆಲಸ, ಕಾರ್ಬನ್ ತೆಗೆಸುವುದು ಗ್ಯಾರೇಜಿನ ಕೆಲಸ. ಸೈಲೆನ್ಸರ್ ಕಟ್ಟಿಕೊಂಡರೆ ಬಿಚ್ಚಿ ಬೆಂಕಿಗೆ ಹಾಕಿ ಸುಟ್ಟು, ತಟ್ಟಿ ಮಸಿ ಉದುರಿಸುತ್ತಿದ್ದರು. ಹತ್ತಾರು ವರ್ಷ ಓಡಿ ಸಿಲಿಂಡರು ಸವೆದಾಗ ಎಂಜಿನ್ನನ್ನು ಎಸೆಯುತ್ತಿರಲಿಲ್ಲ, 'ಬೋರ್' ಮಾಡಿಸುತ್ತಿದ್ದರು. ಲೇತಿನಲ್ಲಿ ಸಿಲಿಂಡರಿನ ಒಳಗೋಡೆಯನ್ನು ಕೂದಲೆಳೆಯಷ್ಟು ಕೊರೆದು ಅಗಲಿಸಿ, ಅದಕ್ಕೆ ತಕ್ಕ ದೊಡ್ಡ ಪಿಸ್ಟನ್ ಕೂರಿಸುವುದು. ಹೀಗೆ ಎರಡು ಮೂರು ಸಲ ಮರುಜನ್ಮ ಪಡೆದ ಎಂಜಿನ್ನುಗಳಿದ್ದವು.

ಕ್ಲಚ್ಚಿಗೂ ಗೇರಿಗೂ ಹ್ಯಾಂಡಲಿನಿಂದ ತಂತಿಯ ಕೇಬಲ್ಲುಗಳು. ಅವು ತುಂಡಾಗುವುದು ಸಾಮಾನ್ಯವಾಗಿ ಮದುವೆಮನೆಗೆ ಹೊರಟಾಗಲೇ. ಅದಕ್ಕೆಂದೇ ಡಿಕ್ಕಿಯಲ್ಲಿ ಒಂದು ಸುರುಳಿ ಕೇಬಲ್ಲು, ಒಂದು ಹಳೇ ಬನಿಯನ್ನು, ಒಂದು ಪ್ಲಗ್ಗು ಇರಲೇಬೇಕು. ಆ ಪ್ಲಗ್ಗು ಬಹಳ ಸಲ ನಮ್ಮ ಬೆಂಗಳೂರಿನದೇ ಆಗಿರುತ್ತಿತ್ತು. ಆಡುಗೋಡಿಯ ಮೈಕೋ ಕಾರ್ಖಾನೆ 1950ರ ದಶಕದಿಂದಲೇ ಸ್ಪಾರ್ಕ್ ಪ್ಲಗ್ ತಯಾರಿಸುತ್ತಿತ್ತು. ಬಿಡಿಭಾಗಕ್ಕೆ ಜೆ.ಸಿ. ರಸ್ತೆ, ಅಲ್ಲಿ ಸಿಗದಿದ್ದರೆ ಶಿವಾಜಿನಗರದ ಗುಜರಿ. ಸತ್ತ ಸ್ಕೂಟರಿನ ಕಣ್ಣು, ಕಿವಿ, ಹೃದಯಗಳನ್ನು ಬೇರೆ ಬೇರೆ ಮಾಡಿ ರಾಶಿ ಹಾಕಿದ ಜಾಗ ಅದು.

ಗ್ಯಾರೇಜಿನ ನೆನಪನ್ನು ಬರೀ ಸಿಹಿಯಾಗಿ ಹೇಳಿದರೆ ಮೋಸವಾದೀತು. ಸೀಮೆಎಣ್ಣೆಯ ತಟ್ಟೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತವನು ಅನೇಕ ಕಡೆ ಹತ್ತು ಹನ್ನೆರಡು ವರ್ಷದ ಹುಡುಗ. ಅವನಿಗೆ ಸಂಬಳವೆಂದರೆ ಊಟ, ಟೀ, ಹಬ್ಬಕ್ಕೊಂದು ಅಂಗಿ. ಪಾಠವೆಂದರೆ ತಪ್ಪು ನಂಬರಿನ ಪಾನಾ ಕೊಟ್ಟಾಗ ಬೀಳುವ ಏಟು. ಶಬ್ದ ಕೇಳಿಯೇ ಎಂಜಿನ್ನಿನ ರೋಗ ಹೇಳುವ ಉಸ್ತಾದರಾಗಿ ಅವನು ಬೆಳೆದದ್ದು ಶಾಲೆ ಬಿಟ್ಟದ್ದರ ಬೆಲೆಗೆ. ಅಪಾರ ವಿದ್ಯೆಯಿತ್ತು, ಆದರೆ ಅದನ್ನು ವಿದ್ಯೆಯೆಂದು ಬರೆದುಕೊಟ್ಟ ಕಾಗದವಿರಲಿಲ್ಲ. ಬ್ಯಾಂಕಿನವರು ಸಾಲ ಕೊಡುವಾಗ ಕೇಳುವುದು ಆ ಕಾಗದವನ್ನೇ.

ಆ ವಿದ್ಯೆ ಏನನ್ನು ಮಾಡಬಲ್ಲದಾಗಿತ್ತು ಎಂಬುದಕ್ಕೆ ಅತ್ಯುತ್ತಮ ಉದಾಹರಣೆ ನಮ್ಮ ಕಣ್ಣೆದುರೇ ಇದೆ. ಹಿಂದಿನ ಚಕ್ರದ ಎರಡೂ ಬದಿಗೆ ಒಂದೊಂದು ಪುಟ್ಟ ಚಕ್ರ ಸೇರಿಸಿದ ಸ್ಕೂಟರು. ಪೋಲಿಯೊದಿಂದಲೋ ಅಪಘಾತದಿಂದಲೋ ಕಾಲಿನ ಶಕ್ತಿ ಕಳೆದುಕೊಂಡವರು ಅದರ ಮೇಲೆ ಆಫೀಸಿಗೆ, ಕಾಲೇಜಿಗೆ ಹೋಗುತ್ತಾರೆ. ಅದಕ್ಕೆ ಮೊದಲು ಅವರಿಗಿದ್ದುದು ಕೈಯಲ್ಲಿ ತಿರುಗಿಸುವ ಮೂರು ಗಾಲಿಯ ಸೈಕಲ್ಲು, ಇಲ್ಲವೇ ಬೇರೆಯವರ ಹೆಗಲು. ವೆಲ್ಡಿಂಗ್ ಮಾಡುವವನೂ ಮೆಕ್ಯಾನಿಕ್ಕೂ ಕೂಡಿ ಒಬ್ಬೊಬ್ಬರ ಮೈಯಳತೆ ನೋಡಿ, ಯಾವ ಕಾಲಿಗೆ ಎಷ್ಟು ಬಲವಿದೆ ಕೇಳಿ, ಕಾಲಿನ ಬ್ರೇಕನ್ನು ಕೈಗೆ ತಂದು, ಊರುಗೋಲಿಡಲು ಒಂದು ಕೊಂಡಿ ಬೆಸೆದು ಕೊಡುತ್ತಿದ್ದರು. ಇಷ್ಟು ಹತ್ತಿರದಿಂದ ಅಳತೆ ತೆಗೆದುಕೊಂಡು ವಾಹನ ಮಾಡುವುದು ಯಾವ ಕಾರ್ಖಾನೆಗೂ ಆಗದ ಕೆಲಸ.

ಕಾನೂನು ಇದನ್ನು ನೋಡಿದ ರೀತಿಯೇ ಬೇರೆ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಇಂಥ ವಾಹನಕ್ಕಿದ್ದ ಹೆಸರು 'ಇನ್‌ವ್ಯಾಲಿಡ್ ಕ್ಯಾರಿಯೇಜ್', ಅಂದರೆ ಅಶಕ್ತರ ಬಂಡಿ. ಅದೇ ಕಾಯ್ದೆಯ 52ನೇ ಸೆಕ್ಷನ್ ವಾಹನದ ಮೂಲ ರೂಪವನ್ನು ಬದಲಿಸುವುದಕ್ಕೆ ಕಡಿವಾಣ ಹಾಕುತ್ತದೆ. 2019ರ ಜನವರಿಯಲ್ಲಿ ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು, ತಯಾರಕರು ನಮೂದಿಸಿದ ವಿನ್ಯಾಸಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವ ಹಾಗಿಲ್ಲ ಎಂದು ಸ್ಪಷ್ಟಪಡಿಸಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಅಶಕ್ತರ ಬಂಡಿಯೆಂಬ ಮಾತು ಹೋಗಿ, ದೈಹಿಕ ಊನವಿರುವವರಿಗಾಗಿ 'ಅಡಾಪ್ಟೆಡ್ ವೆಹಿಕಲ್', ಅಂದರೆ ಹೊಂದಿಸಿಕೊಂಡ ವಾಹನ ಎಂಬ ಮಾತು ಬಂತು. ಸುರಕ್ಷತೆಯ ಪ್ರಶ್ನೆ ಸುಳ್ಳಲ್ಲ. ಸೈಲೆನ್ಸರ್ ಕಿತ್ತು ರಾತ್ರಿಯೆಲ್ಲ ಬೀದಿ ನಡುಗಿಸುವವರನ್ನು ತಡೆಯಲೇಬೇಕು. ಆದರೆ ಹೊಂದಿಸಿಕೊಳ್ಳುವುದು ಎಂಬ ಆ ಒಳ್ಳೆಯ ಮಾತು ಕಾಯ್ದೆಯ ಪುಸ್ತಕ ಸೇರುವ ಎಷ್ಟೋ ಮೊದಲೇ ಬೀದಿ ಬದಿಯ ವೆಲ್ಡಿಂಗ್ ಅಂಗಡಿಯಲ್ಲಿ ಕೆಲಸವಾಗಿ ನಡೆಯುತ್ತಿತ್ತು.

1991ರ ಉದಾರೀಕರಣದ ಹೊತ್ತಿಗೆ ಸರದಿ ಕರಗುತ್ತಿತ್ತು. ಕೇಳಿದ ದಿನವೇ ವಾಹನ ಸಿಗುವಂತಾದಾಗ ಜನ ಹೆಚ್ಚು ಮೈಲೇಜಿನ ಬೈಕಿಗೆ ಹೋದರು. 2001ರಲ್ಲಿ ಬಂದ ಆಕ್ಟಿವಾ ಸ್ಕೂಟರನ್ನು ಮರಳಿ ತಂದಿತು, ಆದರೆ ಅದು ಬೇರೆಯೇ ಸ್ಕೂಟರು: ಗೇರಿಲ್ಲ, ಆಯಿಲ್ ಬೆರೆಸುವುದಿಲ್ಲ, ವಾಲಿಸುವುದಿಲ್ಲ, ಸ್ಟೆಪ್ನಿಯೂ ಇಲ್ಲ. ಹಳೆಯ ಚೇತಕ್ 2000ದ ದಶಕದ ನಡುವೆ ನಿಂತಿತು. 2009ರಲ್ಲಿ ಬಜಾಜ್ ಸ್ಕೂಟರು ತಯಾರಿಕೆಯನ್ನೇ ಬಿಟ್ಟಿತು. ಇದರಲ್ಲಿ ಅಳುವಂಥದ್ದೇ ಎಲ್ಲವೂ ಅಲ್ಲ. ಅಪ್ಪನ ಗೆಲುವಿನ ಗುರುತಾಗಿದ್ದ ಆ ನೀಲಿ ಹೊಗೆ, ಅರ್ಧ ಉರಿದ ಆಯಿಲ್ಲಾಗಿ ಊರಿನ ಮಕ್ಕಳ ಶ್ವಾಸಕೋಶ ಸೇರುತ್ತಿತ್ತು.

ಚೇತಕ್ ಎಂಬ ಹೆಸರು 2020ರ ಜನವರಿಯಲ್ಲಿ ಮತ್ತೆ ರಸ್ತೆಗಿಳಿಯಿತು, ಮೊದಲಿಗೆ ಪುಣೆ ಮತ್ತು ಬೆಂಗಳೂರಿನಲ್ಲಿ, ವಿದ್ಯುತ್ ಸ್ಕೂಟರಾಗಿ. ಹೊಗೆಯಿಲ್ಲ, ಸದ್ದಿಲ್ಲ. ಆದರೆ ವಿದ್ಯುತ್ ಸ್ಕೂಟರು ಯಾವುದೇ ಕಂಪನಿಯದಿರಲಿ, ಅದು ನಿಂತರೆ ಏನಾಗಿದೆ ಎಂದು ತಿಳಿಯಲು ಕಿವಿ ಸಾಲದು, ಲ್ಯಾಪ್‌ಟಾಪ್ ಬೇಕು, ಅದರೊಳಗೆ ಕಂಪನಿಯ ಸಾಫ್ಟ್‌ವೇರ್ ಬೇಕು. ಹಣ ಕೊಟ್ಟವರು ನಾವಾದರೂ ಬಿಚ್ಚುವ ಕೀಲಿ ನಮ್ಮಲ್ಲಿಲ್ಲ. ರಿಪೇರಿಯ ಹಕ್ಕು ಎಂಬ ಮಾತು ಈಗ ಜಗತ್ತಿನಾದ್ಯಂತ ಕೇಳಿಬರುತ್ತಿರುವುದು ಇದಕ್ಕೇ. ನಮ್ಮ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಈ ಬಗ್ಗೆ ಒಂದು ಸಮಿತಿ ರಚಿಸಿತು. ಅದು ಪರಿಗಣಿಸಿದ ನಾಲ್ಕು ಕ್ಷೇತ್ರಗಳಲ್ಲಿ ವಾಹನಗಳೂ ಸೇರಿವೆ. ಅಭಾವದಿಂದ ನಮಗೆ ತಾನಾಗಿ ಬಂದಿದ್ದ ಒಂದು ಸ್ವಾತಂತ್ರ್ಯವನ್ನು ಸಮೃದ್ಧಿಯ ಕಾಲದಲ್ಲಿ ಹಕ್ಕೆಂದು ಕೇಳಿ ಪಡೆಯಬೇಕಾಗಿದೆ.

ಬೀದಿ ಮಾತ್ರ ತನ್ನ ಪಾಡಿಗೆ ತಾನು ಕಲಿಯುತ್ತಲೇ ಇದೆ. ನೀರು ತುಂಬಿದ ತೊಟ್ಟಿಯಲ್ಲಿ ಟ್ಯೂಬು ಮುಳುಗಿಸಿ ಗುಳ್ಳೆ ಹುಡುಕುತ್ತಿದ್ದ ಪಂಕ್ಚರ್ ಅಂಗಡಿಯಾತ ಈಗ ಟ್ಯೂಬ್‌ಲೆಸ್ ಟೈರಿಗೆ ರಬ್ಬರ್ ಬತ್ತಿ ತುರುಕುತ್ತಾನೆ. ಚಕ್ರ ಬಿಚ್ಚುವುದೂ ಬೇಡ, ಹತ್ತೇ ನಿಮಿಷದ ಕೆಲಸ. ಕೆಲವು ಗ್ಯಾರೇಜುಗಳ ಮೂಲೆಯಲ್ಲಿ ಯಾರದೋ ಹಳೆಯ ಚೇತಕ್ ಹೊಸ ಬಣ್ಣಕ್ಕೆ ಕಾದು ನಿಂತಿರುತ್ತದೆ. ತಂದವರು ಹೆಚ್ಚಾಗಿ ಅದನ್ನು ಕೊಂಡವರಲ್ಲ, ಅದರ ಮುಂದೆ ಹ್ಯಾಂಡಲ್ ಹಿಡಿದು ನಿಂತು ಬೆಳೆದವರು. ಬಣ್ಣ ಒಣಗಿದ ದಿನ ಅವರು ಕಿಕ್ ಹೊಡೆಯುತ್ತಾರೆ, ಅದು ಶುರುವಾಗುವುದಿಲ್ಲ. ಉಸ್ತಾದರು ಬಂದು ಏನೂ ಹೇಳದೆ ಸ್ಕೂಟರನ್ನು ಒಂದು ಬದಿಗೆ ವಾಲಿಸುತ್ತಾರೆ.